ಕಚ್ಚಾ ಹೊಲಿಗೆ ಹಾಕಿದ ಪುಟಗಳು

ಗೆಳತಿ ಕತ್ತರಿ ತೀರಿಕೊಂಡು ಒಂದು ತಿಂಗಳಾಗುತ್ತ ಬಂದಿತ್ತು. ಅವಳ ಗಂಡ ಫೋನ್ ಮಾಡಿ, "ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಫೋನಲ್ಲಿ ಆಗಲ್ಲ. ಅಂಗಡಿ ಹತ್ರ ಬರ್ತೀರಾ?" ಎಂದರು. ಆ ಮನುಷ್ಯ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಕರಡನ್ನು ಮಡಿಚಿಟ್ಟು ಕೆಳಗಿಳಿದೆ.

ನಾನು ಕೆಲಸ ಮಾಡುವ ಅಚ್ಚುಕೂಟ ಮೊದಲ ಮಹಡಿಯಲ್ಲಿದೆ. ಅವಳ ಹೊಲಿಗೆ ಅಂಗಡಿ ಸರಿಯಾಗಿ ಅದರ ಕೆಳಗೆ. ನಮ್ಮ ಯಂತ್ರ ಓಡಿದರೆ ಅವಳ ಸೂಜಿಡಬ್ಬಿ ಅಲ್ಲಾಡುತ್ತಿತ್ತು. ಅವಳು ಗಿರಾಕಿಗಳಿಗೆ ಬೈದರೆ ನಮಗೆ ಮೇಲೆ ಕೇಳುತ್ತಿತ್ತು. ಕತ್ತರಿ ಎನ್ನುವುದು ಅಚ್ಚುಕೂಟದವರು ಇಟ್ಟ ಹೆಸರು. ಕೈಯಲ್ಲಿ ಸದಾ ಒಂದು ಕತ್ತರಿ ಇರುತ್ತಿತ್ತು ಎನ್ನುವುದು ಅರ್ಧ ಕಾರಣ, ಬಾಯಲ್ಲೂ ಒಂದಿತ್ತು ಎನ್ನುವುದು ಇನ್ನರ್ಧ. ನಾನು ಕರಡು ತಿದ್ದುವವಳಾದ್ದರಿಂದ ನನಗೆ ಪ್ರೂಫಮ್ಮ ಎಂದು ಹೆಸರಿಟ್ಟು ಅವಳು ಸೇಡು ತೀರಿಸಿಕೊಂಡಳು.

ನಮ್ಮ ಸ್ನೇಹ ಶುರುವಾದದ್ದು ಒಂದು ಕೋಟಿನಿಂದ. ತೋಳು ಉದ್ದವಾಗಿತ್ತು, ಮೋಟು ಮಾಡಿಸಬೇಕಿತ್ತು. ಬಟ್ಟೆ ಹಾಕಿ ನೋಡಲು ಅಂಗಡಿಯ ಮೂಲೆಯಲ್ಲಿ ಪರದೆ ಕಟ್ಟಿದ್ದಳು. ಪರದೆಯ ಹಿಂದೆ ಒಂದು ನಿಲುವುಗನ್ನಡಿ, ಒಂದು ಸ್ಟೂಲು, ತಲೆಯ ಮಟ್ಟಕ್ಕೆ ಒಂದು ಹಲಗೆ. ಹಲಗೆಯ ತುಂಬ ಪುಸ್ತಕ. ನನ್ನಂಥವಳು ಪುಸ್ತಕ ಕಂಡ ಮೇಲೆ ಕನ್ನಡಿ ನೋಡುವುದುಂಟೇ? ಒಂದನ್ನು ಎಳೆದೆ. ರಕ್ಷಾಪುಟದ ಮೇಲೆ ಅಂಗಿಯಿಲ್ಲದ ಒಬ್ಬ ಗಂಡಸು, ಅವನ ಎದೆಗೆ ಒರಗಿದ ಒಬ್ಬ ಹೆಂಗಸು. ಅವಳ ಕೂದಲು ಒಂದು ದಿಕ್ಕಿಗೆ, ಸೆರಗು ಇನ್ನೊಂದು ದಿಕ್ಕಿಗೆ ಹಾರುತ್ತಿತ್ತು. ಯಾವ ಗಾಳಿಯೋ ಅದು. ತೆರೆದು ನೋಡಿದರೆ ನಡುವಿನ ಕೆಲವು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಟಲ್ಲ, ಅಂಚಿನಲ್ಲಿ ಬಿಳಿ ದಾರದ ಉದ್ದುದ್ದ ಹೊಲಿಗೆ.

"ಏನ್ರೀ, ಕೋಟು ಹಾಕ್ಕೊಂಡ್ರಾ, ಅಲ್ಲೇ ಮನೆ ಮಾಡ್ಕೊಂಡ್ರಾ?" ಎಂದು ಹೊರಗಿನಿಂದ ಕೇಳಿದಳು.

"ಈ ಪುಸ್ತಕಕ್ಕೆ ಯಾಕೆ ಹೊಲಿಗೆ ಹಾಕಿದೀರಿ?"

"ಆ ಭಾಗ ಚೆನ್ನಾಗಿಲ್ಲ. ಅದಕ್ಕೆ."

"ಹಾಗಾದರೆ ಓದಬಾರದಾ?"

"ಓದಬೇಡಿ ಅಂತ ಯಾರಂದ್ರು? ಕಚ್ಚಾ ಹೊಲಿಗೆ ಅದು, ದಾರ ಎಳೆದ್ರೆ ಬಂತು. ನನಗೆ ಅನ್ನಿಸಿದ್ದು ನಾನು ಹೇಳಿದೀನಿ. ಮುಂದಿನದು ನಿಮ್ಮಿಷ್ಟ."

ಬಟ್ಟೆ ಸರಿದಾಡದಿರಲಿ ಎಂದು ಮೊದಲು ಹಾಕಿ, ಗಟ್ಟಿ ಹೊಲಿಗೆ ಬಿದ್ದ ಮೇಲೆ ಎಳೆದು ಬಿಸಾಡುವುದು ಕಚ್ಚಾ ಹೊಲಿಗೆ. ನಾನು ತಪ್ಪು ಕಂಡಲ್ಲಿ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುವಂತೆ ಅವಳು ಸುಳ್ಳು ಕಂಡಲ್ಲಿ ದಾರ ಹಾಕುತ್ತಿದ್ದಳು. ಇಬ್ಬರದೂ ಒಂದೇ ಚಟ ಎಂದು ಆವತ್ತೇ ಅನ್ನಿಸಿತು. ಕೋಟು ಸರಿಯಾಯಿತು. ನಾನು ಮಾತ್ರ ಮಧ್ಯಾಹ್ನದ ಊಟವನ್ನು ಅವಳ ಅಂಗಡಿಗೆ ಒಯ್ದು ತಿನ್ನತೊಡಗಿದೆ.

ಅವು ಯಾವ ಬಗೆಯ ಪುಸ್ತಕಗಳೆಂದು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ದಿಂಬಿನ ಕೆಳಗೆ ಇರುವಂಥವು, ಮಕ್ಕಳು ಬಂದರೆ ವಾರಪತ್ರಿಕೆಯ ನಡುವೆ ಸೇರಿಕೊಳ್ಳುವಂಥವು. ಹಳೆ ಪುಸ್ತಕ ಮಾರುವವರ ಹತ್ತಿರ ಕಟ್ಟುಗಟ್ಟಲೆ ಕೊಂಡು ತರುತ್ತಿದ್ದಳು. ಓದಿ, ಹೊಲಿಯಬೇಕಾದ್ದನ್ನು ಹೊಲಿದು, ಪರದೆಯ ಹಿಂದೆ ಇಡುತ್ತಿದ್ದಳು. ಬೇಕಾದವರು ಕಣ್ಣಲ್ಲೇ ಕೇಳಿದರೆ ಮುಗಿಯಿತು. ಹೊಲಿದ ಬಟ್ಟೆಯ ಮಡಿಕೆಯೊಳಗೆ ಪುಸ್ತಕ ಸೇರಿಸಿ ಕಟ್ಟಿ ಕೊಡುತ್ತಿದ್ದಳು. ವಾಪಸ್ ಬರುವುದೂ ಹಾಗೇ, ಇನ್ನೊಂದು ಬಟ್ಟೆಯೊಳಗೆ. ಕೆಲವರಂತೂ ಪುಸ್ತಕ ಹಿಂದಿರುಗಿಸುವ ನೆಪಕ್ಕೆ ಚೆನ್ನಾಗಿದ್ದ ಹೊಲಿಗೆಯನ್ನು ಬಿಚ್ಚಿಕೊಂಡು ಬರುತ್ತಾರೆ ಎಂದು ಅವಳಿಗೆ ಅನುಮಾನ.

ದೊಡ್ಡ ದೊಡ್ಡ ಕಾದಂಬರಿಗಳನ್ನು ಓದಿ ಬೆಳೆದ ನನಗೆ ಅವಳು ಇವುಗಳಲ್ಲಿ ಏನು ಕಾಣುತ್ತಾಳೆ ಎನ್ನುವುದೇ ಕುತೂಹಲ. ಒಮ್ಮೆ ಕೇಳಿಯೇಬಿಟ್ಟೆ.

"ನಿನ್ನ ದೊಡ್ಡ ಪುಸ್ತಕಗಳ ಕಥೆ ನನಗೆ ಗೊತ್ತಿಲ್ವೇನೆ? ಗಂಡ ಹೆಂಡತಿ ಕೋಣೆಗೆ ಹೋಗ್ತಾರೆ, ಬಾಗಿಲು ಹಾಕ್ಕೊಳ್ತಾರೆ. ಮುಂದಿನ ಸಾಲಲ್ಲಿ ಬೆಳಗಾಗಿರುತ್ತೆ. ಕೊಲೆ ಆದ್ರೆ ಹತ್ತು ಪುಟ ಬರೀತಾರೆ, ಸತ್ತವನ ಚಪ್ಪಲಿ ಎಲ್ಲಿತ್ತು ಅಂತಾನೂ ಬರೀತಾರೆ. ಇದಕ್ಕೆ ಮಾತ್ರ ದೀಪ ಆರಿಸಿಬಿಡೋದು. ಯಾಕೆ, ಅವರಿಗೆ ಗೊತ್ತಿಲ್ವಾ?"

"ಗೊತ್ತಿರುತ್ತೆ. ಸಂಕೋಚ."

"ಸಂಕೋಚ ಇರೋರು ಬಟ್ಟೆ ಅಂಗಡಿ ಇಡಲಿ, ಪುಸ್ತಕ ಯಾಕೆ ಬರೀಬೇಕು?"

ಹಾಗೆಂದು ಅವಳು ಸಿಕ್ಕಿದ್ದನ್ನೆಲ್ಲ ಮೆಚ್ಚುವವಳಲ್ಲ. ನಾಯಕಿ ಬೇಡ ಅಂದ ಮೇಲೂ ನಾಯಕ ಮುಂದುವರಿದರೆ ಆ ಪುಟಕ್ಕೆ ಎರಡೆರಡು ಸಾಲು ಹೊಲಿಗೆ. ಹೂವು, ದುಂಬಿ, ಜೇನು ಶುರುವಾದರೆ ಒಂದು ಸಾಲು: "ನನಗೆ ಮನುಷ್ಯರು ಬೇಕು ಕಣೆ, ತೋಟ ಅಲ್ಲ." ನಾಯಕ ಅಂಗಿಯ ಗುಂಡಿಗಳನ್ನು ಕಿತ್ತೆಸೆದರಂತೂ ಅವಳಿಗೆ ಮೈಯೆಲ್ಲ ಉರಿ. "ಬಿಚ್ಚೋಕೆ ಬರಲ್ವಾ ಅವನಿಗೆ? ಮಾರನೇ ದಿನ ಮಂಚದ ಕೆಳಗೆ ತೆವಳಿಕೊಂಡು ಆ ಗುಂಡಿ ಹುಡುಕೋದು ಯಾರು?" ಅವಳ ದೊಡ್ಡ ದೂರು ಬೇರೆಯೇ ಇತ್ತು. ಅದನ್ನು ಅವಳು ಹೇಳಿದ್ದು ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ನನ್ನ ಕಡೆ ನೋಡದೆ: "ಈ ಪುಸ್ತಕಗಳಲ್ಲಿ ಯಾರೂ ನಗಲ್ಲ, ಗಮನಿಸಿದೀಯಾ? ಯಾರ ಮೊಣಕೈಯೂ ಯಾರಿಗೂ ತಾಗಲ್ಲ. ಯಾರಿಗೂ ಕಾಲು ಜೋಮು ಹಿಡಿಯಲ್ಲ. ನಗು ಬರದೇ ಇರೋ ಕಡೆ ನನಗೆ ನಂಬಿಕೆ ಬರಲ್ಲ."

ಎಲ್ಲರೂ ಅವಳ ತೀರ್ಪನ್ನು ಒಪ್ಪುತ್ತಿದ್ದರು ಎಂದಲ್ಲ. ಪಕ್ಕದ ಆಸ್ಪತ್ರೆಯ ನರ್ಸ್ ಒಬ್ಬಳು ದಾರ ಎಳೆದು ಓದಿಯೇ ತರುತ್ತಿದ್ದಳು.

"ಅಕ್ಕಾ, ಈ ಅಡುಗೆಕಟ್ಟೆ ಪುಟ ಯಾಕೆ ಹೊಲಿದ್ರಿ? ಇಡೀ ಪುಸ್ತಕದಲ್ಲಿ ಅದೊಂದೇ ಚೆನ್ನಾಗಿರೋದು."

"ನಿನಗಿನ್ನೂ ಸೊಂಟ ಹಿಡಿದಿಲ್ಲ, ಅದಕ್ಕೆ ಚೆನ್ನಾಗಿದೆ. ಅಡುಗೆಕಟ್ಟೆ ಕಲ್ಲು ಎಷ್ಟು ತಣ್ಣಗಿರುತ್ತೆ ಗೊತ್ತಾ?"

"ನಿಮಗೆ ಹೆಂಗೆ ಗೊತ್ತು?"

"ಪಾತ್ರೆ ಇಟ್ಟು ಗೊತ್ತು. ನಡಿ, ಅಳತೆ ಕೊಡು."

ನರ್ಸ್ ನಕ್ಕು ನಕ್ಕು ಅಳತೆಯ ಟೇಪಿಗೆ ನಿಲ್ಲಲಾರದೆ ಹೋದಳು. ಆ ಪುಟವನ್ನು ಕತ್ತರಿ ಮತ್ತೆ ಹೊಲಿಯಲಿಲ್ಲ. "ಅವಳಿಗೆ ಇಷ್ಟ ಆಗಿದೆಯಲ್ಲ, ಇರಲಿ" ಎಂದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಸಂಜೆ ಕೆಲಸ ಮುಗಿಸಿ ಗ್ರೀಸ್ ವಾಸನೆಯೊಂದಿಗೆ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಇವಳ ಕೈಯಲ್ಲಿ ಪುಸ್ತಕ ಇದ್ದರೆ ಮುಗಿಯುವವರೆಗೆ ಕಾಯುತ್ತಿದ್ದರು. ಏನು ಓದುತ್ತಿದ್ದೀಯ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ನಾನು ಅವರನ್ನು ಭಾವ ಎಂದು ಕರೆಯುತ್ತೇನೆ. ಮದುವೆಗೆ ಮುಂಚೆ ಅವರಿಬ್ಬರೂ ಭೇಟಿಯಾದ ಕಥೆ ಅಂಗಡಿಗೆ ಬರುವವರಿಗೆಲ್ಲ ಬಾಯಿಪಾಠ. ಕತ್ತರಿ ಹೊಲಿದ ಬಟ್ಟೆ ತಲುಪಿಸಲು ಒಂದು ಎತ್ತರದ ಕಟ್ಟಡಕ್ಕೆ ಹೋಗಿದ್ದಳು, ಲಿಫ್ಟ್ ಎರಡು ಮಹಡಿಗಳ ಮಧ್ಯೆ ನಿಂತಿತು, ಬಿಡಿಸಲು ಬಂದವರು ಇವರು. "ಒಳಗೆ ದೀಪ ಇತ್ತು, ಕೈಲಿ ಕೆಲಸ ಇತ್ತು. ಕೂತ್ಕೊಂಡು ಒಂದು ಪ್ಯಾಂಟಿನ ಎರಡೂ ಕಾಲಿನ ಅಂಚು ಮಡಿಚಿ ಹೊಲಿದೆ. ಅಷ್ಟು ಹೊತ್ತಾದರೂ ಈ ಪುಣ್ಯಾತ್ಮನಿಗೆ ಬಾಗಿಲು ತೆಗೆಯೋಕೆ ಆಗಿಲ್ಲ. ಇಂಥ ನಿಧಾನದ ಮೆಕ್ಯಾನಿಕ್ಕನ್ನ ನಾನು ಕಂಡಿಲ್ಲ." ಪ್ರತಿ ಸಲವೂ ಅವರ ಎದುರಿಗೇ ಹೇಳುತ್ತಿದ್ದಳು. ಭಾವ ಪ್ರತಿ ಸಲವೂ ತಲೆ ತಗ್ಗಿಸಿ ಉಗುರಿನ ಗ್ರೀಸ್ ಕೆರೆಯುತ್ತಿದ್ದರು.

ಅಂಥವರು, ಫೋನ್ ಬಂದ ಮೇಲೆ ನಾನು ಕೆಳಗಿಳಿದು ಹೋದಾಗ, ಅಂಗಡಿಯಲ್ಲಿ ಒಬ್ಬರೇ ಇದ್ದರು. ಹೊಲಿಗೆಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಬೀಗದ ಕೈಯನ್ನು ವಾರದೊಳಗೆ ಮಾಲೀಕರಿಗೆ ಕೊಡಬೇಕಿತ್ತು. ಪರದೆಯ ಹಿಂದಿನ ಪುಸ್ತಕಗಳೆಲ್ಲ ಕತ್ತರಿಸುವ ಮೇಜಿನ ಮೇಲೆ ಬಂದು ಕೂತಿದ್ದವು, ರಕ್ಷಾಪುಟ ಕೆಳಗೆ ಮಾಡಿಕೊಂಡು. ಅವರೇ ಹಾಗೆ ಮಗುಚಿಟ್ಟಿದ್ದರು.

"ಮಗಳು ಇವನ್ನ ರದ್ದಿಗೆ ಹಾಕಿಬಿಡಿ ಅಂತಿದಾಳೆ," ಎಂದರು. "ಯಾರಾದ್ರೂ ನೋಡಿದ್ರೆ ಅಮ್ಮನ ಬಗ್ಗೆ ಏನಂದ್ಕೊಳ್ತಾರೋ ಅಂತ. ರದ್ದಿಯವನಿಗೆ ಬಾ ಅಂದಿದೀನಿ."

"ಸರಿ."

"ಅಲ್ಲ, ನಾನು ಒಂದನ್ನ ತೆಗೆದು ನೋಡಿದೆ." ಅವರು ನನ್ನನ್ನು ನೋಡದೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಯಾವ ಯಾವ ಕಡೆ... ಆ ಥರ ಇದೆಯೋ, ಆ ಕಡೆ ಎಲ್ಲ ಹೊಲಿದಿದಾಳೆ. ಅಂದ್ರೆ ಅವಳಿಗೆ ಬೇಕಾಗಿದ್ದನ್ನೆಲ್ಲ ಅದರೊಳಗೆ ಹಾಕಿ, ನನ್ನ ಕಣ್ಣಿಗೆ ಬೀಳದ ಹಂಗೆ ಮುಚ್ಚಿಟ್ಟಿದಾಳೆ ಅಂತ ತಾನೇ? ನೀವು ಅವಳ ಜೊತೆ ದಿನಾ ಕೂತ್ಕೊಳ್ತಿದ್ರಿ. ನಿಮಗೆ ಗೊತ್ತಿರುತ್ತೆ. ನನ್ನಲ್ಲಿ ಏನಾದ್ರೂ ಕಮ್ಮಿ ಇತ್ತಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಸಾವಿನ ಮನೆಯಲ್ಲಿ ಹಾಗೆ ಹೇಳುವುದೇ ಸಭ್ಯತೆ ಕೂಡ. ಅವರು ಕೇಳಿದ್ದು ಸಭ್ಯತೆಗಲ್ಲ ಎನ್ನುವುದು ಕಣ್ಣಲ್ಲೇ ಕಾಣುತ್ತಿತ್ತು. ಇನ್ನು ಮುಂದೆ ಎಷ್ಟೋ ವರ್ಷ ಒಂಟಿಯಾಗಿ ಮಲಗಬೇಕಾದ ಮನುಷ್ಯ, ತನ್ನ ಮಗ್ಗುಲಲ್ಲಿ ಮಲಗಿದ್ದವಳಿಗೆ ತಾನು ಸಾಕಾಗಿದ್ದೆನೋ ಇಲ್ಲವೋ ಎಂದು ತಿಳಿಯಬಯಸಿದ್ದರು. ನನಗೆ ಗೊತ್ತಿದ್ದದ್ದು ಹೊಲಿಗೆಯ ಅರ್ಥ ಮಾತ್ರ. ಅದನ್ನೇ ಹೇಳಿದೆ.

"ಭಾವ, ಅದು ಉಲ್ಟಾ. ಚೆನ್ನಾಗಿಲ್ಲದ್ದನ್ನ ಹೊಲಿದಿದಾಳೆ. ಅವಳಿಗೆ ಸುಳ್ಳು ಅನ್ನಿಸಿದ್ದನ್ನ."

ಅವರು ನಂಬಲಿಲ್ಲ. ನಂಬದೇ ಇರುವುದೂ ಸರಿಯೇ, ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. "ಹಾಗಾದ್ರೆ ಬಿಚ್ಚಿ ನೋಡೋಣ," ಎಂದೆ. ಸತ್ಯ ಹೇಳಬೇಕೆಂದರೆ ನನಗೂ ನೋಡಬೇಕಿತ್ತು. ಅವಳ ದನಿ ಮತ್ತೆ ಕೇಳುವುದಕ್ಕೆ ನನಗೆ ಉಳಿದಿದ್ದ ದಾರಿ ಅದೊಂದೇ.

ಬಾಗಿಲು ಅರ್ಧ ಎಳೆದುಕೊಂಡು, ಎದುರುಬದುರು ಕೂತು ದಾರ ಎಳೆಯತೊಡಗಿದೆವು. ನಾನು ಮೊದಲು ಓದಿ, ಅವರ ಕೈಗೆ ಕೊಡುತ್ತಿದ್ದೆ. ಗಟ್ಟಿಯಾಗಿ ಓದುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಭಾವ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ವೈರಿಂಗ್ ನಕ್ಷೆ ನೋಡುವ ಹಾಗೆ ಬೆರಳಿಟ್ಟುಕೊಂಡು ಓದಿದರು. ಅಳುವ ಹುಡುಗಿಯನ್ನು ಎತ್ತಿಕೊಂಡು ಮಹಡಿ ಹತ್ತುವ ಜಮೀನ್ದಾರ. ಗುಂಡಿ ಕಿತ್ತೆಸೆಯುವ ನೌಕಾಧಿಕಾರಿ. ಒಂದು ಇಡೀ ಅಧ್ಯಾಯದಷ್ಟು ದುಂಬಿ.

"ಇದೆಲ್ಲ ಅವಳಿಗೆ ಇಷ್ಟ ಇರಲಿಲ್ವಾ?"

"ಇರಲಿಲ್ಲ. ಇವರು ಯಾರೂ ನಗಲ್ಲ, ಅದಕ್ಕೆ ನನಗೆ ನಂಬಿಕೆ ಬರಲ್ಲ ಅಂತಿದ್ಲು."

ಭಾವನ ಕಿವಿ ಕೆಂಪಾಯಿತು. ಅವರು ಎದ್ದು ಹೋಗಿ ಫ್ಯಾನಿನ ಸ್ವಿಚ್ ಒತ್ತಿ ಬಂದರು. ಏನು ನೆನಪಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಬಿಚ್ಚಿದ ಪುಸ್ತಕದಲ್ಲಿ ಒಂದು ಲಿಫ್ಟ್ ಇತ್ತು. ಈ ಬಗೆಯ ಬರಹಗಾರರಿಗೆ ಲಿಫ್ಟ್ ಎಂದರೆ ಪ್ರಾಣ. ಇಬ್ಬರನ್ನು ಸಣ್ಣ ಜಾಗದಲ್ಲಿ ಕೂಡಿಹಾಕಲು ಅಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಕರೆಂಟ್ ಹೋಗುತ್ತದೆ, ನಾಯಕಿ ಕತ್ತಲಿಗೆ ಹೆದರಿ ನಾಯಕನ ತೋಳಿಗೆ ಬೀಳುತ್ತಾಳೆ. ಭಾವ ಮೊದಲ ಸಲ ನೆಟ್ಟಗೆ ಕೂತರು.

"ಇದು ಸರಿಯಾಗಿ ಬರ್ದಿದಾನಲ್ಲ. ಕರೆಂಟ್ ಹೋದ್ರೆ ಹಿಂಗೇ ಜರ್ಕ್ ಹೊಡೆದು ನಿಲ್ಲೋದು. ಇದನ್ನ ಯಾಕೆ ಹೊಲಿದ್ಲು?"

"ಹುಡುಗಿ ಹೆದರಿ ಬೀಳ್ತಾಳಲ್ಲ, ಅದಕ್ಕಿರಬೇಕು."

"ಹೂಂ. ಅವಳು ಹೆದರೋಳಲ್ಲ," ಎಂದರು. ನಾಯಕಿಯ ಬಗ್ಗೆ ಹೇಳಿದ್ದಲ್ಲ ಅದು.

ರಾಶಿಯ ಅಡಿಯಲ್ಲಿ ಒಂದು ಪುಸ್ತಕಕ್ಕೆ ರಕ್ಷಾಪುಟವೇ ಇರಲಿಲ್ಲ. ಓದಿ ಓದಿ ಕಿತ್ತು ಬಂದಿರಬೇಕು. ಕೋಟಿನ ಒಳಗೆ ಹಾಕುವ ನಯವಾದ ಅಸ್ತರು ಬಟ್ಟೆಯಲ್ಲಿ ಅದಕ್ಕೊಂದು ಹೊಸ ಹೊದಿಕೆ ಹೊಲಿದಿದ್ದಳು. ಗಿರಾಕಿಗಳಿಗೆ ಕೊಡುವ ಪುಸ್ತಕಗಳಲ್ಲಿ ನಾನು ಇದನ್ನು ಯಾವತ್ತೂ ಕಂಡಿರಲಿಲ್ಲ. ಅಂಚನ್ನು ಸವರಿ ನೋಡಿದೆ. ಎಲ್ಲೂ ದಾರವಿಲ್ಲ, ಒಂದು ಹಾಳೆಗೂ. ತಾನಾಗಿ ತೆರೆದುಕೊಂಡ ಪುಟದಲ್ಲಿ ಮತ್ತೆ ಲಿಫ್ಟ್. ನಾಯಕ ಯಾವುದೋ ಹೋಟೆಲಿನ ಮಾಲೀಕ. ಮೇಲೆ ಹೋಗುವವಳನ್ನು ಇನ್ನಷ್ಟು ಹೊತ್ತು ನೋಡಬೇಕೆಂಬ ಒಂದೇ ಆಸೆಗೆ ಕೆಂಪು ಗುಂಡಿ ಒತ್ತಿ ಲಿಫ್ಟ್ ನಿಲ್ಲಿಸುತ್ತಾನೆ. ಇಬ್ಬರೂ ಮಾತಾಡುತ್ತಾರೆ, ಮಾತು ಮುಗಿದ ಮೇಲೆ ಅವಳೇ ಅವನ ಟೈ ಸಡಿಲಿಸುತ್ತಾಳೆ. ಅಲ್ಲಿಂದ ಮುಂದೆ ಸಾಕಷ್ಟು ಬಿಸಿಯಾಗಿಯೇ ಬರೆದಿತ್ತು.

ಭಾವ ಓದಿದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದರು.

"ಶುದ್ಧ ಸುಳ್ಳು ಇದು. ಕೆಂಪು ಗುಂಡಿ ಒತ್ತಿದ್ರೆ ಗಂಟೆ ಹೊಡ್ಕೊಳ್ಳುತ್ತೆ, ಇಡೀ ಕಟ್ಟಡಕ್ಕೆ ಕೇಳೋ ಹಂಗೆ. ಇಲ್ಲಿ ಇವರು ಎರಡು ಪುಟ ಮುತ್ತು ಕೊಟ್ಕೊಂಡ್ರೂ ಗಂಟೆ ಇಲ್ಲ, ವಾಚ್‌ಮನ್ ಇಲ್ಲ. ಅವಳಿಗೆ ನಾನೇ ಹೇಳಿದ್ದೆ ಗಂಟೆ ವಿಷಯ. ಗೊತ್ತಿತ್ತು ಅವಳಿಗೆ. ಸರಿಯಾಗಿರೋ ಲಿಫ್ಟಿಗೆ ಹೊಲಿಗೆ ಹಾಕಿ, ಈ ಸುಳ್ಳಿನ ಲಿಫ್ಟನ್ನ ಯಾಕೆ ಬಿಟ್ಲು?"

ನನಗೂ ಅದೇ ಪ್ರಶ್ನೆ. ಗುಂಡಿ, ಅಡುಗೆಕಟ್ಟೆ, ಕಾಲು ಜೋಮು ಎಂದು ಕೂದಲು ಸೀಳುತ್ತಿದ್ದವಳು ಹೊಡೆಯದ ಗಂಟೆಯನ್ನು ಹೇಗೆ ಸಹಿಸಿದಳು? "ಲಿಫ್ಟ್ ಅಂದ್ರೆ ನಿಮ್ಮ ನೆನಪಿರಬಹುದು," ಎಂದೆ. ನನಗೇ ಅದು ಸಾಲದು ಅನ್ನಿಸಿತು. ಹಾಗಿದ್ದರೆ ಇನ್ನೊಂದು ಲಿಫ್ಟನ್ನೂ ಬಿಡಬೇಕಿತ್ತಲ್ಲ.

ಭಾವ ಆ ಪುಟದ ಮೇಲೆ ಬೆರಳಿಟ್ಟರು. ಮೇಲೆ ನಮ್ಮ ಅಚ್ಚುಯಂತ್ರ ಓಡತೊಡಗಿ, ಸೂಜಿಡಬ್ಬಿ ತನ್ನ ಪಾಡಿಗೆ ಗಿಲಿಗಿಲಿ ಎಂದಿತು.

"ನಿಮಗೊಂದು ವಿಷಯ ಹೇಳ್ತೀನಿ," ಎಂದರು. "ಅವಳಿಗೆ ಹೇಳಿಲ್ಲ. ಅವತ್ತು ಲಿಫ್ಟ್ ತೆಗೆಯೋಕೆ ಅಷ್ಟು ಹೊತ್ತು ಬೇಕಿರಲಿಲ್ಲ."

"ಅಂದ್ರೆ?"

"ಮೇಲೆ ಮೋಟಾರು ಕೋಣೆಗೆ ಹೋಗಿ ಕೈಚಕ್ರ ತಿರುಗಿಸಿದ್ರೆ ಲಿಫ್ಟ್ ಮಹಡಿ ಮಟ್ಟಕ್ಕೆ ಬರುತ್ತೆ, ಮುಗೀತು. ಸಣ್ಣ ಕೆಲಸ. ನಾನು ಹೋಗೋ ಮುಂಚೆ ಬಾಗಿಲ ಸಂದಿಯಿಂದ, ಹೆದರಿಕೆ ಆಗ್ತಿದೆಯಾ ಅಂತ ಕೇಳಿದೆ. ಒಳಗಿಂದ, 'ಹೆದರಿಕೆ ಯಾಕೆ, ಕಿಟಕಿ ಒಂದಿದ್ರೆ ಬಾಡಿಗೆಗೆ ತಗೋತಿದ್ದೆ' ಅಂದ್ಲು. ನನಗೆ ನಗು ಬಂತು. ಇನ್ನೇನೋ ಕೇಳಿದೆ. ಅದಕ್ಕೂ ಏನೋ ಅಂದ್ಲು. ಹಂಗೇ... ಮಾತು ಚೆನ್ನಾಗಿತ್ತು. ಮುಖಾನೂ ನೋಡಿರಲಿಲ್ಲ. ಬಾಗಿಲು ತೆಗೆದ್ರೆ ಹೋಗಿಬಿಡ್ತಾಳಲ್ಲ ಅಂತ ಸ್ಪ್ಯಾನರ್ ತಗೊಂಡು ಸುಮ್ನೆ ಬಾಗಿಲ ಚೌಕಟ್ಟು ತಟ್ತಾ ಇದ್ದೆ. ರಿಪೇರಿ ನಡೀತಿದೆ ಅಂತ ಅನ್ನಿಸಲಿ ಅಂತ."

ನಾನು ನಕ್ಕುಬಿಟ್ಟೆ. ಅವಳು ಹೋದ ಮೇಲೆ ಆ ಅಂಗಡಿಯಲ್ಲಿ ನಗು ಕೇಳಿದ್ದು ಅದೇ ಮೊದಲು. ಭಾವ ನಗಲಿಲ್ಲ. ಅವರ ಬೆರಳು ಅದೇ ಪುಟದ ಮೇಲಿತ್ತು, ಲಿಫ್ಟ್ ಬೇಕೆಂದೇ ನಿಲ್ಲಿಸಿದ ಸಾಲಿನ ಮೇಲೆ.

"ಅವಳಿಗೆ ಗೊತ್ತಿತ್ತಾ?" ಎಂದು ಕೇಳಿದರು.

ಈ ಸಲವೂ ಹೌದು ಎಂದುಬಿಡಲು ನಾಲಗೆ ತುದಿಗೆ ಬಂದಿತ್ತು. ನನ್ನ ಹತ್ತಿರ ಸಾಕ್ಷಿಯಿಲ್ಲ. ಇದ್ದದ್ದು ಎರಡು ಲಿಫ್ಟ್ ಅಷ್ಟೆ. ತಾನಾಗಿ ನಿಂತದ್ದಕ್ಕೆ ಹೊಲಿಗೆ ಬಿದ್ದಿದೆ, ಒಬ್ಬ ಮನುಷ್ಯ ಆಸೆಪಟ್ಟು ನಿಲ್ಲಿಸಿದ್ದು ಹೊಲಿಗೆಯಿಲ್ಲದೆ ತೆರೆದೇ ಇದೆ, ಅದಕ್ಕೆ ಅಸ್ತರಿನ ಅಂಗಿ ಬೇರೆ. ಅವಳು ಆ ಕಥೆ ಹೇಳುತ್ತಿದ್ದ ರೀತಿಯೂ ನೆನಪಾಯಿತು. ಇಂಥ ನಿಧಾನದ ಮೆಕ್ಯಾನಿಕ್ಕನ್ನ ಕಂಡಿಲ್ಲ ಎನ್ನುವಾಗ ಅವಳು ಕೇಳುತ್ತಿದ್ದವರ ಕಡೆ ನೋಡುತ್ತಿರಲಿಲ್ಲ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ ಭಾವನ ಕಡೆ ನೋಡುತ್ತಿದ್ದಳು. ಅವರು ಬಾಯಿಬಿಡುತ್ತಾರೇನೋ ಎಂದು ಅಷ್ಟು ವರ್ಷ ಕೆಣಕುತ್ತಿದ್ದಳೇ? ಅಥವಾ ಇದೂ ನಾನು ಓದಿದ ಕಾದಂಬರಿಗಳು ನನ್ನಿಂದ ಆಡಿಸುತ್ತಿರುವ ಮಾತೇ?

"ಅವಳು ಲಿಫ್ಟೊಳಗೆ ಕೂತು ಪ್ಯಾಂಟು ಹೊಲಿಯೋಳು," ಎಂದೆ. "ಬಾಗಿಲು ತಟ್ಟೋ ಶಬ್ದಕ್ಕೂ ರಿಪೇರಿ ಶಬ್ದಕ್ಕೂ ವ್ಯತ್ಯಾಸ ತಿಳಿಯದಷ್ಟು ಪೆದ್ದಿ ಅಲ್ಲ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ ಭಾವ."

ಅವರು ತಲೆಯಾಡಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

ಆಗ ರದ್ದಿಯವನು ಬಂದು ಬಾಗಿಲು ಬಡಿದ. ಭಾವ ಎದ್ದು ಹೋಗಿ ಹಳೆ ಪೇಪರಿನ ಕಟ್ಟನ್ನೂ ಪರದೆಯ ಹಿಂದಿನ ಮುರಿದ ಸ್ಟೂಲನ್ನೂ ಕೊಟ್ಟು ಕಳಿಸಿದರು. ಮೇಜಿನ ಮೇಲಿನದು ಏನೆಂದು ಅವನು ಇಣುಕಿದಾಗ, "ಅದು ಬಟ್ಟೆಗಳ ಜೊತೆ ಹೋಗೋದು," ಎಂದರು. ಹೊಲಿದು ಮುಗಿಸಿದ್ದ ಕೆಲವು ಬಟ್ಟೆಗಳು ಇನ್ನೂ ಕಪಾಟಿನಲ್ಲಿದ್ದವು. ನರ್ಸಿನದೂ ಇತ್ತು. ಅವನ್ನು ಇಬ್ಬರೂ ಸೇರಿ ಮಡಿಚಿ, ಒಂದೊಂದರೊಳಗೆ ಒಂದೊಂದು ಪುಸ್ತಕ ಇಟ್ಟು ಕಟ್ಟಿದೆವು. ಬಿಚ್ಚಿದ ಪುಟಗಳನ್ನು ಮತ್ತೆ ಹೊಲಿಯಬೇಕೋ ಎಂದು ನಾನು ಕೇಳಿದ್ದಕ್ಕೆ ಭಾವ ಯೋಚಿಸಿ, "ಬೇಡ. ಅವರವರೇ ನೋಡಲಿ," ಎಂದರು. ಎರಡು ಸಾಲು ಹೊಲಿಗೆ ಇದ್ದ ಪುಟಗಳನ್ನು ಮಾತ್ರ ನಾನು ಸೂಜಿಗೆ ದಾರ ಪೋಣಿಸಿ ಮತ್ತೆ ಹೊಲಿದೆ. ನನ್ನ ಹೊಲಿಗೆ ಅವಳದರಷ್ಟು ನೇರ ಬರಲಿಲ್ಲ.

ಅಷ್ಟರಲ್ಲಿ ಮಗಳ ಫೋನು. ಆ ಹುಡುಗಿಯದು ಅಮ್ಮನದೇ ಗಂಟಲು, ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ.

"ಅಪ್ಪ, ರದ್ದಿಯವನು ಬಂದನಾ? ಆ ಪುಸ್ತಕ ಎಲ್ಲ ಕೊಟ್ರಾ?"

"ಬಂದಿದ್ದ, ಹೋದ."

"ಎಲ್ಲ ಕೊಟ್ರಿ ತಾನೆ? ಯಾರೂ ನೋಡಲಿಲ್ಲ ತಾನೆ?"

ಭಾವ ಅಸ್ತರು ಹೊದಿಸಿದ ಪುಸ್ತಕವನ್ನು ಕೆಲಸದ ಚೀಲದಲ್ಲಿ ಸ್ಪ್ಯಾನರುಗಳ ಪಕ್ಕ ಇಡುತ್ತಿದ್ದರು. ಇಟ್ಟದ್ದನ್ನು ಮತ್ತೆ ತೆಗೆದು, ಗ್ರೀಸ್ ತಾಗೀತೆಂದು ತಮ್ಮ ಕರವಸ್ತ್ರ ಸುತ್ತಿದರು.

"ನಾನು ನೋಡಿದೆ," ಎಂದರು. "ಒಂದು ಇಟ್ಕೊಂಡಿದೀನಿ. ಇನ್ನೂ ಮುಗಿದಿಲ್ಲ."

ಆ ಕಡೆ ಮಗಳು ದನಿ ತಗ್ಗಿಸಿದಳು. ಆದರೂ ನನಗೆ ಕೇಳಿತು:

"ಹೆಂಗಿದೆ?"